ಐದೂವರೆ ತಾಸು

ಮೊದಲು ಹಳೇದರ ವೈರು ಕಿತ್ತುಬಿಡ್ರಿ ಅಕ್ಕಾ,
ಅಂದ ಕೊಟ್ರೇಶಿ, ಸ್ಕ್ರೂಡ್ರೈವರ್ ಬಾಯಲ್ಲಿ ಕಚ್ಚಿಕೊಂಡೇ.
ಹೊಸದನ್ನ ಕೂರಿಸುವಾಗ ಹಳೇದು ಮಲಗಿರಬೇಕು.
ಇಲ್ಲಾಂದ್ರೆ ಇದು ಹೋಗಿ
ಅದರ ಬಾಗಿಲಿಗೆ ತನ್ನ ಬೀಗ ಜಡೀತೈತೆ.

ಮಂಡಿಪೇಟೆಯಲ್ಲಿ ಮೆಟ್ಟಿಲ ಕೆಳಗಿನ ಅಂಗಡಿ,
ಏಳಡಿಗೆ ಒಂಬತ್ತಡಿ.
ಕ್ಯಾಬಿನೆಟ್ಟಿನ ಪಕ್ಕೆ ಬಿಚ್ಚಿದರೆ
ಹದಿನಾಲ್ಕು ವರ್ಷದ ದೂಳು, ಒಂದು ಗುಂಡುಪಿನ್ನು,
ಒಂದೇ ಒಂದು ಮಂಡಕ್ಕಿ ಕಾಳು.
ಹೇಗೆ ಹೊಕ್ಕಿತೋ, ಕೇಳಬೇಡಿ.
ಈ ಊರಲ್ಲಿ ಅದು ಹೊಗದ ಜಾಗವಿಲ್ಲ.

ಹಳೇ ಡಿಸ್ಕು ಇಟ್ಟಿಗೆ ಹಾಗೆ, ಕೈಗೆ ಇನ್ನೂ ಬೆಚ್ಚಗೆ.
ಒಳಗೆ ಎಷ್ಟು ಮದುವೆ, ಎಷ್ಟು ಶಿವಗಣಾರಾಧನೆ,
ಬೋರ್‌ವೆಲ್ ಲಾರಿಯ ಬಿಲ್‌ಬುಕ್ಕು,
ಕಳೆದುಹೋದ ಎಮ್ಮೆಯ ಕರಪತ್ರ.
ಹೊಸದೋ ಬಿಸ್ಕತ್ತಿನಷ್ಟು, ತೂಕವೇ ಇಲ್ಲ.
ಇದರಲ್ಲಿ ಏನು ಹಿಡಿಸುತ್ತೋ ಮಾರಾಯ ಅಂದೆ.
ಅದರ ಮೂರರಷ್ಟು ಅಂದ.
ಕೆಂಪು ವೈರನ್ನು ನಾನೇ ಕಿತ್ತೆ.
ಹಾಲುಹಲ್ಲು ಬಿದ್ದಷ್ಟೇ ಸದ್ದು.

ಇದೆಲ್ಲ ಯಾಕೆ ಬೇಕಿತ್ತು?
ಹೈಸ್ಕೂಲಿನ ಸ್ಮರಣ ಸಂಚಿಕೆ ವಾಪಸ್ ಬಂದಿತ್ತು,
ನಿಮ್ಮ ಅಕ್ಷರ ನಮ್ಮಲ್ಲಿ ಓದಕ್ಕೆ ಬರಲ್ಲ ಅಂತ.
ಹಳೇದನ್ನು ಒರೆಸಿ ಹಾಕಲು ಮನಸ್ಸಿಲ್ಲ.
ಅದನ್ನೇ ಎರಡು ಪಾಲು ಮಾಡಬಹುದು ಅಂದರು ಕೆಲವರು.
ಪಾಲುಪತ್ರ ಎಷ್ಟೋ ಟೈಪು ಮಾಡಿದ್ದೇನೆ ನಾನು.
ಗೋಡೆ ಏಳುವುದು ಯಾವಾಗಲೂ ಅಡುಗೆಮನೆಯ ನಡುವೆಯೇ.
ಅದಕ್ಕೇ ಬೇರೆ ಡಿಸ್ಕು, ಬೇರೆ ವೈರು.
ಕರೆಂಟು ಮಾತ್ರ ಒಂದೇ.

ಪೆನ್‌ಡ್ರೈವ್ ಚುಚ್ಚಿ ಕೊಟ್ರೇಶಿ
ಎಫ್ ಹನ್ನೆರಡನ್ನು ಬಾಗಿಲು ತಟ್ಟಿದ ಹಾಗೆ ತಟ್ಟಿದ.
ಯಾವ ಭಾಷೆ ಅಂತ ಕೇಳಿತು. ಕನ್ನಡ.
ಯಾವ ಊರು ಅಂತ ಕೇಳಿತು.
ಪಟ್ಟಿಯಲ್ಲಿ ಇದ್ದದ್ದು ಕೋಲ್ಕತ್ತ ಒಂದೇ.
ದಾವಣಗೆರೆ ಹುಡುಕಿದೆ ಒಂದು ಸಲ, ಸುಮ್ಮನೆ.

ನಲವತ್ತು ಪರ್ಸೆಂಟಿಗೆ ಬಂದು ನಿಂತುಬಿಟ್ಟಿತು.
ಅಶೋಕ ಟಾಕೀಸ್ ಗೇಟಿನಲ್ಲಿ ನಿಂತು ಬೆಳೆದವಳು ನಾನು,
ಕಾಯೋದನ್ನ ಯಾರೂ ಕಲಿಸಬೇಕಿಲ್ಲ.
ಗೂಡ್ಸು ಹೋಗುವ ತನಕ
ಎಷ್ಟು ಡಬ್ಬಿ ಅಂತ ಎಣಿಸಿದರಾಯಿತು.

ಆಮೇಲೆ ಹಳೇದಕ್ಕೆ ವೈರು ಮರಳಿ ಸಿಕ್ಕಿಸಿದ.
ಕಪ್ಪು ಪರದೆ, ಎರಡು ಸಾಲು, ಹತ್ತರಿಂದ ಇಳಿಯೆಣಿಕೆ.
ನೀವು ಏನೂ ಒತ್ತದಿದ್ದರೆ ಹೊಸದಕ್ಕೇ ಹೋಗ್ತೈತೆ, ಅಂದ.

ಹೋಯಿತು. ಅಲ್ಲಿಂದ ಇಣುಕಿ
ಹಳೇ ಲಗ್ನಪತ್ರಿಕೆಯೊಂದನ್ನು ತೆರೆದೆ.
ಶ್ರೀ ಇರಬೇಕಾದಲ್ಲಿ ಗಾಳಿಯಲ್ಲಿ ತೂಗುವ ಪುಟ್ಟ ಎರಡು,
ಬೆನ್ನಿಗೆ ಬೆನ್ನು ಅಂಟಿದ ಎರಡು ಅಕ್ಷರ,
ತಲೆ ಮೇಲೆ ಹಾವು ಹೊತ್ತ ಇಂಗ್ಲಿಷಿನ ಎ.
ವಧು ಯಾರು, ವರ ಯಾರು, ಊಟ ಎಷ್ಟು ಗಂಟೆಗೆ,
ಒಂದೂ ತಿಳಿಯದು.
ಎಲ್ಲವೂ ಇದೆ, ಒಂದಕ್ಷರ ಕಳೆದಿಲ್ಲ ಅಂತ
ಕೊಟ್ರೇಶಿ ಆಣೆ ಮಾಡಿ ಹೋದ.

ಮಾರನೇ ದಿನ ಹನ್ನೊಂದಕ್ಕೆ ಖಲಂದರ್‌ಸಾಬ್ ಬಂದರು,
ಮಂಡಕ್ಕಿ ಭಟ್ಟಿಯವರು, ರೆಪ್ಪೆಯ ಮೇಲೆ ಬೂದಿ.
ಚೀಲದ ಚೀಟಿ ಎರಡು ಸಾವಿರ ಬೇಕ್ರಿ.
ಹೊಸ ಅಕ್ಷರದಲ್ಲಿ ಮಾಡಿ ತೋರಿಸಿದೆ.
ಹತ್ತಿರ ಬಂದರು, ದೂರ ಹೋದರು, ತಲೆ ಆಡಿಸಿದರು.
ಇದು ನಮ್ಮ ‘ಮ’ ಅಲ್ರಿ.
ನಮ್ಮ ಮ-ಗೆ ಹೊಟ್ಟೆ ಐತೆ.
ಓದಕ್ಕೆ ಬರದ ಹಮಾಲರೂ
ಆ ಹೊಟ್ಟೆ ನೋಡೇ ಚೀಲ ಎತ್ತೋದು.

ಆರಿಸಿ ಮತ್ತೆ ಹಚ್ಚಿದೆ.
ಹತ್ತು, ಒಂಬತ್ತು, ಎಂಟು.
ಏಳರಲ್ಲಿ ಎರಡನೇ ಸಾಲಿಗೆ ಇಳಿದು ಒತ್ತಿದೆ.
ಹಳೇದು ಎದ್ದಿತು ಕೆಮ್ಮುತ್ತಾ, ಅದೇ ನೀಲಿ, ಅದೇ ಗಂಟೆ ಸದ್ದು.
ಚೀಟಿ ತೆರೆದರೆ ಮ ಕೂತಿತ್ತು, ಉಂಡ ಹೊಟ್ಟೆ ಹೊತ್ತು.

ಮೂಲೆಯ ಗಡಿಯಾರ ಮಾತ್ರ
ಬೆಳಗಿನ ಐದೂವರೆ ತೋರಿಸುತ್ತಿತ್ತು.
ಕೊಟ್ರೇಶಿಗೆ ಫೋನು ಹಚ್ಚಿದೆ.
ಹೊಸದು ಲಂಡನ್ ಟೈಮ್ ಬರೆದಿಡ್ತೈತ್ರಿ,
ಹಳೇದು ಅದನ್ನ ನಮ್ಮೂರಿಂದು ಅಂತ ನಂಬ್ತೈತೆ.
ಎರಡೂ ಓದೋದು ಒಂದೇ ಗಡಿಯಾರ.
ಸಂಜೆ ಬಂದು ಸರಿಮಾಡ್ತೀನಿ.

ಖಲಂದರ್‌ಸಾಬ್ ಬಗ್ಗಿ ನೋಡಿದರು.
ತಪ್ಪೇನೈತ್ರಿ, ಅಂದರು,
ನಾವು ಭಟ್ಟಿ ಹಚ್ಚೋ ಹೊತ್ತು ಅದೇ.

ಎರಡು ಸಾವಿರಕ್ಕೆ ಒತ್ತಿದೆ. ಪ್ರಿಂಟರು ಗುಡುಗಿತು.
ಸಂಜೆ ಕೊಟ್ರೇಶಿ ಬರಲಿಲ್ಲ,
ನಾನೂ ಮತ್ತೆ ಕರೆಯಲಿಲ್ಲ.