ಹನ್ನೊಂದು ಕುಂಡ, ಒಂದೇ ಕೋಣೆ

ಕಾರ್ತಿಕದ ದೀಪ ಆರಿದ ಮೇಲೆ
ಶಿಡ್ಲಘಟ್ಟದ ನಮ್ಮ ಬೀದಿಗೆ ಬೆಟ್ಟದ ಕಡೆಯಿಂದ ಒಂದು ಗಾಳಿ ಬರುತ್ತದೆ,
ಚಪ್ಪಲಿ ಬಿಡದೆ ನೇರ ಒಳಗೆ.
ಆ ರಾತ್ರಿಯೇ ಗಿಡಗಳನ್ನು ಎತ್ತಿ ತಂದೆ:
ಪೇಂಟಿನ ಡಬ್ಬ ನಾಲ್ಕು, ಒಡೆದ ಕೊಡದ ತಳ ಒಂದು,
ಎಣ್ಣೆ ಕ್ಯಾನು ಕೊಯ್ದು ಮಾಡಿದ್ದು ಐದು,
ದುಡ್ಡು ಕೊಟ್ಟು ಕೊಂಡ ಕುಂಡ ಅಂತ ಇರುವುದು ಒಂದೇ.

ಹತ್ತಡಿ ಹನ್ನೆರಡಡಿ ಕೋಣೆ.
‘ಇವಕ್ಕೆಲ್ಲ ಜಾಗ ಐತೆ, ನನ್ನ ಕಾಲಿಗಿಲ್ಲ.’
ಅಂಜಿನಪ್ಪ ಮೊಣಕಾಲು ಮಡಚಿ ಮಲಗಿದ,
ಮಿಕ್ಕ ಮಾತನ್ನು ಕಂಬಳಿಯೊಳಗಿಂದ ಆಡಿದ.
ಮಗಳು ವಿಜ್ಞಾನದ ಪುಸ್ತಕ ತೆರೆದು ಗಟ್ಟಿಯಾಗಿ ಓದಿದಳು:
ರಾತ್ರಿ ಹೊತ್ತು ಗಿಡಗಳೂ ನಮ್ಮಂತೆಯೇ ಉಸಿರಾಡುತ್ತವೆ.
‘ನೋಡು, ಗಾಳಿಗೂ ಪಾಲಿಗೆ ಬಂದ್ವು’ ಅಂತ ಎದ್ದೇ ಕೂತ.
ನಿನ್ನ ಒಂದು ಬೀಡಿ ಕುಡಿಯುವಷ್ಟು
ಈ ಹನ್ನೊಂದೂ ಸೇರಿ ಕುಡಿಯಲ್ಲ, ಮಲಗು, ಅಂದೆ.

ಬೆಳಗ್ಗೆ ಆರಕ್ಕೆ ನೂಲಿನ ಮನೆ.
ಕುದಿಯುವ ನೀರಲ್ಲಿ ಗೂಡು ಹೊರಳುತ್ತವೆ,
ಕಣ್ಣಿಗೆ ಕಾಣದ ಎಳೆಯ ತುದಿಯನ್ನು
ಬೆರಳೇ ಹುಡುಕಿ ಹಿಡಿಯಬೇಕು.
ಬೆಂದ ಹುಳದ ವಾಸನೆ ಸೆರಗಿಗೆ, ತಲೆಗೂದಲಿಗೆ,
ರಾತ್ರಿ ಕಲಸುವ ಅನ್ನಕ್ಕೆ.
ಚಳಿಗೆ ಕಿಟಕಿ ಮುಚ್ಚಿದರೆ
ಅದು ನಮ್ಮ ಜೊತೆಗೇ ಚಾಪೆ ಹಾಸಿಕೊಳ್ಳುತ್ತದೆ.

ಹದಿನಾಲ್ಕು ವರ್ಷದ ಬಿಸಿನೀರು
ನನ್ನ ಬೆರಳಿನ ಗೆರೆಗಳನ್ನು ತಿಂದು ಮುಗಿಸಿದೆ.
ರೇಷನ್ ಅಂಗಡಿಯ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದೆ. ಕೆಂಪು ದೀಪ.
ಸೆರಗಿಗೆ ಒರೆಸಿ ಒತ್ತಿದೆ. ಕೆಂಪು.
ಬೇರೆ ಬೆರಳು ಇಡಮ್ಮ. ಕೆಂಪು.
‘ಮುನಿಲಕ್ಷ್ಮಮ್ಮ ಅಂದ್ರೆ ನೀವೇನಾ?’
ಹಿಂದೆ ನಿಂತವರು ಚೀಲವನ್ನು ಕೈಯಿಂದ ಕೈಗೆ ಬದಲಿಸಿದರು.

ಮನೆಗೆ ಬಂದು, ದೀಪ ಹಾಕುವ ಮೊದಲೇ,
ಕತ್ತಲಲ್ಲಿ ತಡಕಿ ದೊಡ್ಡಪತ್ರೆಯನ್ನು ಮುಟ್ಟಿದೆ.
ಮುಟ್ಟಿದ್ದೇ ತಡ, ಕೋಣೆ ತುಂಬ ಘಮ.
ಯಾರು ಅಂತ ಕೇಳಲಿಲ್ಲ.

ಆಮೇಲೆ ದಿನವೂ ಅದೇ ಅಭ್ಯಾಸವಾಯಿತು.
ಲೋಳೆಸರದ ಒಂದು ತುಂಡು ಸೀಳಿ ಬೆರಳಿಗೆ ಸವರಿ
ಅದು ಆರುವ ತನಕ ಗೋಡೆಗೊರಗಿ ಕೂರುವುದು.
ಮಗಳ ಕೆಮ್ಮಿಗೆ ಎರಡೆಲೆ ಕೆಂಡದ ಮೇಲೆ ಬಾಡಿಸಿ ಹಿಂಡುವುದು.
ನೀರು ಬೇಕೋ ಬೇಡವೋ ಅಂತ ಮಣ್ಣಿಗೆ ಬೆರಳಿಡುವುದು.
ಇಡೀ ದಿನದಲ್ಲಿ ನನ್ನ ಕೈಗೆ ಸಿಗುವ
ಸುಡದ ಒದ್ದೆ ಅದೊಂದೇ.
ಮಂಜು ಕವಿದ ಬೆಳಗು, ಎದುರುಮನೆಯೂ ಕಾಣದಿರುವಾಗ,
ಮನಿ ಪ್ಲಾಂಟಿನ ತುದಿಯಲ್ಲಿ ಸುರುಳಿ ಸುತ್ತಿದ ಎಳೆಯೆಲೆ.
ಅದು ಇವತ್ತು ಬಿಚ್ಚುತ್ತದಾ ನಾಳೆಯಾ ಅಂತ
ಅಪ್ಪ ಮಗಳು ಒಂದು ರೂಪಾಯಿ ಪಂದ್ಯ ಕಟ್ಟುತ್ತಾರೆ.

ಎಲ್ಲವೂ ಉಳಿಯಲಿಲ್ಲ.
ಧನುರ್ಮಾಸದ ಎರಡನೇ ವಾರ ತುಳಸಿ ಕಪ್ಪಾಯಿತು.
ಬಿಸಿಲಿನ ಗಿಡವನ್ನು ಒಳಗೆ ಕೂಡಿಹಾಕಿದ್ದು ನನ್ನದೇ ತಪ್ಪು,
ಒಣಕಡ್ಡಿಯನ್ನು ಕೀಳಲು ಕೈ ಬರಲಿಲ್ಲ, ಹಾಗೇ ಬಿಟ್ಟೆ.
ಆ ಸಂಜೆ ಪಕ್ಕದ ಮನೆಯ ಶಮೀಮಕ್ಕ
ಚಳಿಗೆ ಮುದುಡಿದ ವೀಳ್ಯದೆಲೆ ಬಳ್ಳಿಯ ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತರು:
‘ಇದೊಂದಕ್ಕೆ ಎಲ್ಲಾದರೂ ಮೂಲೆ ಇದೆಯೇನಮ್ಮ?’
ಹನ್ನೆರಡನೆಯದಕ್ಕೆ ಜಾಗ ಮಾಡಿದ್ದು ಅಂಜಿನಪ್ಪನೇ,
ತನ್ನ ಪಾನ, ಸುತ್ತಿಗೆಯ ಡಬ್ಬವನ್ನು ಅಟ್ಟಕ್ಕೆ ಏರಿಸಿ.
ಬಳ್ಳಿಯ ಮೇಲಿನ ಮಮತೆಗಲ್ಲ,
ಶಮೀಮಕ್ಕನ ಶಾವಿಗೆ ಖೀರಿಗೆ.

ಶಿವರಾತ್ರಿ ಕಳೆಯಿತು. ಚಳಿ ಶಿವಶಿವಾ ಅಂತ ಹೋಯಿತು.
ಕುಂಡಗಳನ್ನೆಲ್ಲ ಮೆಟ್ಟಿಲ ಬಿಸಿಲಿಗೆ ಇಟ್ಟು ಬಂದು ನೋಡಿದರೆ
ಕೆಂಪು ನೆಲದ ತುಂಬ ಉಂಗುರ,
ಸುತ್ತೊಳಗೆ ಸುತ್ತು, ನೀರು ಕೂತ ಬಿಳಿ ಗೆರೆ.
ತೆಂಗಿನ ನಾರು ಹಾಕಿ ತಿಕ್ಕಿದೆ, ಸೋಪು ಹಾಕಿ ತಿಕ್ಕಿದೆ.
ಮಗಳು ಒಂದರಿಂದ ಒಂದಕ್ಕೆ ಕುಂಟುತ್ತ ಎಣಿಸಿದಳು:
ಹನ್ನೆರಡು. ತುಳಸಿಯದೂ ಸೇರಿ.

ತಿಂಗಳ ಮೊದಲು ಬಾಡಿಗೆಗೆ ಚೌಡರೆಡ್ಡಿ ಬರುತ್ತಾರೆ.
ಬರಲಿ,
ಅಷ್ಟರೊಳಗೆ ಒಂದು ದೊಡ್ಡ ಚಾಪೆ ತರಬೇಕು.