ಕೀಲಿಕೈ ಕಾಯುವವಳು

ಶುಕ್ರವಾರ ಬೆಳಗ್ಗೆ ಏಳಕ್ಕೇ ಸಾಲು.
ಸೌತಾಂಪ್ಟನ್ನಿಗೆ ಮೂರು ಹಡಗು ಒಟ್ಟಿಗೆ ಬಂದ ದಿನ
ಟಾಟನ್ ಹಿಂದಿನ ನಮ್ಮ ಜಲ್ಲಿ ಬಯಲಿಗೆ
ಆರುನೂರು ಕಾರು.
ನನ್ನ ಬ್ಯಾಡ್ಜಿನ ಮೇಲೆ ಮ್ಯಾಂಡಿ ಅಂತಿದೆ.
ಮಂದಾಕಿನಿ ಹಿಡಿಸಲಿಲ್ಲ ಅಂದ ಕ್ರೇಗ್, ನಮ್ಮ ಮ್ಯಾನೇಜರು.
ಹೊಳೆಯ ಹೆಸರು, ಬೆರಳುದ್ದದ ಪ್ಲಾಸ್ಟಿಕ್ಕು. ಹೋಗಲಿ.

ಅವರು ಕೀಲಿ ಕೊಡುವ ಬಗೆ ನೋಡಬೇಕು.
ಕೆಲವರು ಎಸೆದೇ ಹೋಗುತ್ತಾರೆ.
ಕೆಲವರು ಮೊದಲ ದಿನ ಮಗುವನ್ನು ಶಾಲೆಗೆ ಬಿಟ್ಟಂತೆ
ಬಾನೆಟ್ಟು ಸವರಿ, ನಾಲ್ಕು ಹೆಜ್ಜೆ ನಡೆದು, ಮತ್ತೆ ಬಂದು
‘ಎರಡನೇ ಗೇರು ಸ್ವಲ್ಪ ಹಟಮಾರಿ’ ಅನ್ನುತ್ತಾರೆ.
ಹಾಗಂದವರು ಫರ್ನ್‌ಲೀ ದಂಪತಿ.
ಹದಿನಾಲ್ಕು ತಿಂಗಳ ತಯಾರಿ, ಫೋಲ್ಡರಿನ ತುಂಬ ಬಣ್ಣದ ಚೀಟಿ:
ಯಾವ ರಾತ್ರಿಗೆ ಯಾವ ಟೈ,
ಬರ್ಗೆನ್ನಿನಲ್ಲಿ ಇಳಿದರೆ ಎಷ್ಟು ಹೆಜ್ಜೆಗೆ ಶೌಚಾಲಯ.
ಮರೆತದ್ದು ಒಂದೇ, ಪಾಸ್‌ಪೋರ್ಟು.
ಹಿಂದಿನ ಸೀಟಿನ ಮೇಲೆ, ಬಾಳೆಹಣ್ಣಿನ ಕೆಳಗೆ.
ಇಪ್ಪತ್ತನೇ ಗೇಟಿನ ತನಕ ಅವರ ಕಾರನ್ನೇ ಓಡಿಸಿಕೊಂಡು ಹೋದೆ.
ನಿಜ, ಎರಡನೇ ಗೇರು ಹಟಮಾರಿ.

ಸಂಜೆ ಮೂರು ಸಲ ಕೂಗು ಕೇಳುತ್ತದೆ.
ಆಮೇಲೆ ಬಯಲಿನಲ್ಲಿ ನಾನು, ಕಡಲಹಕ್ಕಿ, ಅದರ ಹಿಕ್ಕೆ.
ಹತ್ತು ದಿನಕ್ಕೊಮ್ಮೆ ಎಂಜಿನ್ನು ಗುರುಗುಟ್ಟಿಸಬೇಕು,
ಇಲ್ಲದಿದ್ದರೆ ಬ್ಯಾಟರಿ ಮಲಗಿಬಿಡುತ್ತದೆ.
ಒಬ್ಬೊಬ್ಬರ ಸೀಟು ಒಂದೊಂದು ದೂರ,
ಒಬ್ಬೊಬ್ಬರ ರೇಡಿಯೋ ಒಂದೊಂದು ಊರು.
ಬುತ್ತಿ ಬಿಚ್ಚಿ ಕೂತರೆ ಇವತ್ತು ವೋಲ್ವೋ, ನಾಳೆ ಮಿನಿ.
ಮೊಸರನ್ನದ ವಾಸನೆ ಉಳಿಯದಿರಲೆಂದು
ಕಿಟಕಿ ಎರಡು ಬೆರಳು ಇಳಿಸಿ,
ಮಳೆ ಬಂದರೆ ಓಡಿ ಬಂದು ಏರಿಸಿ...
ಹನ್ನೊಂದು ವರ್ಷ, ಇದೇ ನನ್ನ ಜಲಯಾನ.

ಹೊಳೆ ದಾಟಿದ ಮೇಲೆ ಅಂಬಿಗನಿಗೆ ಏನನ್ನುತ್ತಾರೋ ಗೊತ್ತಲ್ಲ.
ಇವರು ಕಡಲನ್ನೇ ದಾಟಿ ಬಂದವರು.
ಆದರೂ ಫರ್ನ್‌ಲೀ ಮಾತ್ರ ಪ್ರತಿ ಸಲ ಒಂದು ಮ್ಯಾಗ್ನೆಟ್ಟು ತರುತ್ತಾರೆ.
ನಮ್ಮ ಫ್ರಿಜ್ಜಿನ ಬಾಗಿಲಿಗೆ
ಮಡೀರಾ ಗ್ಯಾಸ್ ಬಿಲ್ಲನ್ನು ಹಿಡಿದಿದೆ,
ವೀಗೋ ದಂತವೈದ್ಯರ ಚೀಟಿಯನ್ನು.

ಈ ಏಪ್ರಿಲ್ಲಿಗೆ ನಾನೂ ಹೊರಟೆ.
ನಾಲ್ಕು ರಾತ್ರಿ, ಒಳಗಿನ ಕೋಣೆ, ಕಿಟಕಿಯಿಲ್ಲ,
ಹಗಲೋ ಇರುಳೋ ತಿಳಿಯಲು ಟೀವಿ ಹಾಕಬೇಕು.
ನನಗೆ ಕಾರಿಲ್ಲ. ಬಂದರಿಗೆ ಬಸ್ಸಿನಲ್ಲೇ ಹೋದೆ,
ಮನೆಯ ಕೀಲಿ ಎದುರುಮನೆ ಗ್ಲೆನಿಸ್‌ಗೆ ಕೊಟ್ಟು
ನಾಲ್ಕು ಹೆಜ್ಜೆ ನಡೆದು, ಮತ್ತೆ ಹೋಗಿ
ಬಾಗಿಲು ಸ್ವಲ್ಪ ಎಳೆದು ತಿರುಗಿಸಿ ಅಂದೆ.
ಹಡಗು ಬಿಟ್ಟಾಗ ಎಲ್ಲರೂ ಮುಂದೆ ನೋಡುತ್ತಿದ್ದರು.
ನಾನು ಹಿಂದಿನ ಡೆಕ್ಕಿಗೆ ಹೋಗಿ ಹುಡುಕಿದೆ.
ಕ್ರೇನುಗಳ ಸಂದಿನಲ್ಲಿ ಬಟಾಣಿ ಚೆಲ್ಲಿದಂತೆ ಏನೋ ಹೊಳೆಯಿತು.
ನಮ್ಮದೇ ಇರಬೇಕು.

ಲ ಹಾವ್ರ್‌ನಲ್ಲಿ ಎಂಟು ಗಂಟೆ ಬಿಡುವು.
ಪ್ಯಾರಿಸ್ಸಿಗೆ ಹೋಗುವ ಬಸ್ಸು ತುಂಬಿತು, ನಾನು ಹತ್ತಲಿಲ್ಲ.
ಹೋಗಿಬರುವುದಕ್ಕೇ ಆರು ಗಂಟೆ,
ಗೋಪುರ ಕಂಡು ನಮಸ್ಕಾರ ಹಾಕಿ ಬರಲು ಹರಕೆಯೇನೂ ಇರಲಿಲ್ಲ.
ಉರುಟು ಕಲ್ಲಿನ ದಂಡೆಯಲ್ಲಿ ನಡೆದೆ,
ಕೈಗೆ ಅಂಟುವ ಸಿಹಿಯೊಂದನ್ನು ನಿಂತೇ ತಿಂದೆ.
ಮೋಡ ಕವಿಯಿತು.
ರಸ್ತೆ ಬದಿಗೆ ನೀಲಿ ಪೆಜೋ ಒಂದು,
ಕಿಟಕಿ ಪೂರ್ತಿ ಇಳಿದಿದೆ, ಒಳಗೆ ಯಾರೂ ಇಲ್ಲ.
ಹನಿ ಬಿತ್ತು.

ಕೊಡೆ ಬಿಚ್ಚಿ ಕಿಟಕಿಗೆ ಹಿಡಿದು ನಿಂತೆ.
ಹತ್ತು ನಿಮಿಷ. ಇಪ್ಪತ್ತು.
ನನ್ನ ಬೆನ್ನು ನೆನೆಯಿತು, ಸೀಟು ನೆನೆಯಲಿಲ್ಲ.
ಕಂಕುಳಲ್ಲಿ ಬ್ರೆಡ್ಡು ಹಿಡಿದು ಓಡಿ ಬಂದ ಮುದುಕ
ಅವನ ಭಾಷೆಯಲ್ಲಿ ಏನೇನೋ ಹೇಳಿದ,
ಎದೆ ಮುಟ್ಟಿಕೊಂಡ, ಬ್ರೆಡ್ಡು ಅರ್ಧ ಮುರಿದು ಚಾಚಿದ.
ನಾನೂ ಕನ್ನಡದಲ್ಲೇ ಅಂದೆ:
ಪರವಾಗಿಲ್ಲ ಬಿಡಿ, ರಜೆಯಲ್ಲಿದ್ದೇನೆ.