ಕೆಂಪು ಗೀಟಿನಾಚೆ

ಹಗಲೆಲ್ಲ ನಾನು ಬಾಯ್ಲರ್ ಕಾಯುವವನು.
ಯಾಕುತ್ಸ್ಕ್ ಊರಿನ ಅಂಚಿನ ಬಡಾವಣೆಯ
ಮುನ್ನೂರು ಮನೆಗಳ ಬಿಸಿನೀರು ನನ್ನ ಕೈಯಲ್ಲಿ.
ಮುಳ್ಳು ಆರರ ಮೇಲೆ ನಿಂತಿರಬೇಕು.
ಏಳರ ಹತ್ತಿರ ಕೆಂಪು ಗೀಟು.
ಹನ್ನೊಂದು ವರ್ಷದಲ್ಲಿ ಒಮ್ಮೆಯೂ
ಅದನ್ನು ಮುಟ್ಟಗೊಟ್ಟವನಲ್ಲ.

ಮನೆಗೆ ಬಂದು, ಬೂಟಿನ ಹಿಮ ಕೊಡವಿ,
ಕಿಟಕಿಯ ಮೇಲಿನ ಪುಟ್ಟ ಕಿಂಡಿ ತೆಗೆಯುತ್ತೇನೆ.
ಹೊರಗೆ ಸೊನ್ನೆಗಿಂತ ನಲವತ್ತಾರು ಕೆಳಗೆ.
ಬೀದಿಯಲ್ಲಿ ಕಾರುಗಳು ಕಂಬಳಿ ಹೊದ್ದು
ಇಡೀ ರಾತ್ರಿ ಗುರುಗುಟ್ಟುತ್ತವೆ,
ಆರಿದರೆ ಮತ್ತೆ ಹೊತ್ತಿಕೊಳ್ಳೆವು ಎಂಬ ಭಯಕ್ಕೆ.
ಊರಿಗೆ ಊರೇ ಬಿಸಿಯನ್ನು ಬಚ್ಚಿಡುವಾಗ
ನಾನೊಬ್ಬ, ತಗಡಿನ ಸುರುಳಿ ಕೊಳವೆಯಲ್ಲಿ
ಚಳಿಯನ್ನು ಒಳಗೆ ಕರೆಯುತ್ತೇನೆ,
ನೆಂಟನನ್ನು ಕರೆದಂತೆ, ಹಿತ್ತಿಲ ಬಾಗಿಲಿಂದ.

"ಕೆಟಲ್ ಇಡಬೇಡ" ಅನ್ನುತ್ತೇನೆ ಕ್ಯುನ್ನೇಯ್‌ಗೆ,
"ಆವಿ ಬಂದರೆ ಬೋರ್ಡಿನ ಮೇಲೆ ಇಬ್ಬನಿ ಕೂರುತ್ತದೆ."
"ಉಸಿರಾಡಬಹುದೋ?" ಅನ್ನುತ್ತಾಳೆ,
ನರಿತೊಗಲ ಟೊಪ್ಪಿಗೆಯ ಕಿವಿ ಕೆಳಗೆಳೆದು.

ಕಾರ್ಡು ಹಳೆಯದು. ಇರ್ಕುತ್ಸ್ಕ್‌ನ ಯಾರದೋ ಗೋದಾಮಿನಲ್ಲಿ
ಮೂರು ವರ್ಷ ನಾಣ್ಯ ಅಗೆದು ಬಂದದ್ದು.
ಮಾಲೀಕ ದಿವಾಳಿ, ಇದು ಅಗ್ಗ.
ಒಂದು ಫ್ಯಾನಿನ ರೆಕ್ಕೆ ಮುರಿದಿತ್ತು.
ಹಳೇ ಪೇಸ್ಟು ಕೆರೆದಾಗ ಸುಣ್ಣದ ಹಾಗೆ ಉದುರಿತು.
ಡಬ್ಬಿಯ ಮೇಲಿನ ಸಂಖ್ಯೆ ಕಾರ್ಖಾನೆಯ ಮಾತು,
ವಕೀಲರನ್ನು ಕೇಳಿ ಆಡಿದ ಮಾತು.
ಹಾಸಿಗೆ ಇದ್ದಷ್ಟೇ ಕಾಲು ಚಾಚು ಅನ್ನುವುದೇನೋ ಸರಿ,
ಹಾಸಿಗೆಯ ಉದ್ದ ಅಳೆದವರು ಯಾರು?

ಲಿನಕ್ಸಿನಲ್ಲಿ ನನಗೆ ಗುಂಡಿ ಬೇಡ, ಹೊಳೆಯುವ ಮೀಟರು ಬೇಡ.
ಬೂಟ್ ಸಾಲಿನಲ್ಲಿ ಒಂದು ಮುಖವಾಡ ಕಳಚಬೇಕು,
ರೂಟ್ ಆಗಬೇಕು, ಆಮೇಲೆ ಎಲ್ಲವೂ ಕಡತ:
ನಾಡಿ ಒಂದು ಕಡತ, ಜ್ವರ ಒಂದು ಕಡತ,
ಫ್ಯಾನಿನ ನಿಟ್ಟುಸಿರೂ ಒಂದು ಕಡತ.
ಯಾವ ಡಿಸ್ಕಿನಲ್ಲೂ ಇಲ್ಲದ ಕಡತಗಳು,
ಓದಲು ಹೋದಾಗ ಹುಟ್ಟುತ್ತವೆ.
ಅಲ್ಲಿ ಒಂದು ಸಂಖ್ಯೆ ಬರೆದು
ಕೊನೆಗೆ ಒಂಟಿ ಅಕ್ಷರ ಒಪ್ಪಿಸಿದರೆ
ಲೋಹ ಕೇಳಿಸಿಕೊಳ್ಳುತ್ತದೆ.
ಖಂಡಿತವೇ? ಎಂದು ಯಾರೂ ಕೇಳುವುದಿಲ್ಲ.
ನನಗೆ ಇಷ್ಟವಾದದ್ದೂ ಅದೇ, ಹೆದರಿಸಿದ್ದೂ ಅದೇ.

ಎರಡು ಸಾವಿರದ ಆರುನೂರು. ಸಲೀಸು.
ಏಳುನೂರು. ಪರೀಕ್ಷೆಯ ಚಿತ್ರದಲ್ಲಿ
ಗಾಜಿನ ಗೋಳಗಳು ತಿರುಗುತ್ತಲೇ ಇವೆ.
ಏಳುನೂರ ಎಂಬತ್ತಕ್ಕೆ ಒಂದು ಗೋಳದ ಮೈಮೇಲೆ
ಹಸಿರು ಚುಕ್ಕೆ, ಸಿಡುಬಿನ ಹಾಗೆ.
ವೋಲ್ಟೇಜು ಕೂದಲೆಳೆಯಷ್ಟು ಏರಿಸಿದೆ. ಮಾಯವಾಯಿತು.
ಎಂಟುನೂರ ನಲವತ್ತಕ್ಕೆ ಪರದೆ ಹೆಪ್ಪುಗಟ್ಟಿತು.
ಕರ್ನಲ್ಲಿನ ದಿನಚರಿಯಲ್ಲಿ ಒಂದೇ ಸಾಲು, ಬೈಗುಳವಿಲ್ಲದೆ:
ಕಾರ್ಡು ಉತ್ತರಿಸಲಿಲ್ಲ, ಎಬ್ಬಿಸಿದೆ.
ದಾದಿಯೊಬ್ಬಳು ಪಾಳಿ ಮುಗಿಸುವಾಗ ಬರೆದಿಟ್ಟಂತೆ.

ಮತ್ತೆ ಹತ್ತರ ಹೆಜ್ಜೆ. ಐದರ ಹೆಜ್ಜೆ.
ಆಮೇಲೆ ಎರಡರ.
ಹೊರಗಿನ ಚಳಿ ನಲವತ್ತೊಂಬತ್ತಕ್ಕಿಳಿಯಿತು.
ಕ್ಯುನ್ನೇಯ್ ಸೋಫಾದಿಂದೆದ್ದು ಹಿಂದೆ ಬಂದು ನಿಂತಳು,
ಅವಳ ಗಲ್ಲ ನನ್ನ ತಲೆಯ ಮೇಲೆ.

ಎರಡು ಸಾವಿರದ ಒಂಬೈನೂರ ಎರಡು.

ನಾನು ನೋಡಿದೆ. ಅವಳು ನೋಡಿದಳು.
ಪರದೆಯನ್ನು ಸೆರೆಹಿಡಿಯುವ ಕೀಲಿಗೆ
ಬೆರಳು ತಲುಪುವಷ್ಟರಲ್ಲಿ ಕತ್ತಲೆ.
ಫ್ಯಾನು ಮಾತ್ರ ತಿರುಗುತ್ತಿತ್ತು,
ಸುದ್ದಿ ತಿಳಿಯದವರ ಹಾಗೆ.

ಎಷ್ಟು ಸಲ ಮರಳಿ ಯತ್ನಿಸಿದರೂ
ಎಂಟುನೂರ ತೊಂಬತ್ತರ ಆಚೆ ಏರಲಿಲ್ಲ.
ಸಾಕ್ಷಿ ಕೇಳಿದರೆ ಏನೂ ಇಲ್ಲ.
ಬರೆದ ಸಂಖ್ಯೆಗಳೂ ರೀಬೂಟಿಗೆ ಅಳಿದವು.
ಆ ಕಡತಗಳ ನೆನಪು ಒಂದು ಎಚ್ಚರದಷ್ಟೇ ಉದ್ದ.
ಕಾರ್ಡು ಮತ್ತೆ ಡಬ್ಬಿಯ ಮೇಲಿನ ಮಾತಿಗೆ ಬದ್ಧ,
ಗಣಿ ಕಂಡಿಲ್ಲ, ಚಳಿ ಕಂಡಿಲ್ಲ ಎಂಬಂತೆ.

ಕಿಂಡಿ ಮುಚ್ಚಿದೆ. ಅವಳು ಕೆಟಲ್ ಇಟ್ಟಳು.
"ಬರೀ ಒಂಬೈನೂರಲ್ಲ" ಅಂದಳು ಕಪ್ಪು ಚಾಚಿ,
"ಆ ಎರಡನ್ನು ಮರೆಯಬೇಡ."

ಬೆಳಿಗ್ಗೆ ಏಳಕ್ಕೆ, ಇನ್ನೂ ಇರುಳು, ಪಾಳಿ.
ಮಂಜಿನಲ್ಲಿ ನನ್ನ ಉಸಿರೇ ನನಗೆ ಅಡ್ಡ.
ಮುಳ್ಳು ಆರರ ಮೇಲೆ ನೆಟ್ಟಗೆ.
ಗಾಜನ್ನು ತೋಳಿನಿಂದ ಒರೆಸಿದೆ.
ಕೆಂಪು ಗೀಟು ಅಲ್ಲೇ ಇತ್ತು,
ಯಾರೋ ಕುಂಚದಲ್ಲಿ ಎಳೆದದ್ದು, ಸ್ವಲ್ಪ ಸೊಟ್ಟ.
ಹನ್ನೊಂದು ವರ್ಷ ಕಂಡಿರಲಿಲ್ಲ ಆ ಸೊಟ್ಟ.
ಕವಾಟ ಮುಟ್ಟಲಿಲ್ಲ.
ಮುನ್ನೂರು ಮನೆ ಮಲಗಿದ್ದವು.